ಗೋಪುರದೊಳಗೆ ತಲುಪದ ಮಾತು

ಬೋರನಕಣಿವೆಯ ಜಲಾಶಯದ ಮೇಲಾಗಲಿ, ತಿಪಟೂರು, ತುರುವೇಕೆರೆಯ ತೆಂಗಿನ ತೋಟಗಳ ಮೇಲಾಗಲಿ ಹಾದುಹೋಗುವ ಪ್ರಯಾಣಿಕ ವಿಮಾನ ಒಂಟಿಯಾಗಿ ಹಾರುತ್ತಿರುವುದಿಲ್ಲ. ನೆಲದ ಮೇಲಿರುವ ನಿಯಂತ್ರಕರ ಮಾತಿಗೆ ಅದು ಕಿವಿಗೊಟ್ಟೇ ಇರುತ್ತದೆ. ಆ ಮಾತು ಕೆಡುವುದೆಂದರೆ ತಪ್ಪಾಗಿ ಕೇಳಿಸುವುದು ಎಂದೇ ನಾವು ತಿಳಿಯುತ್ತೇವೆ. ಅಂಥ ದುರಂತಗಳು ನಡೆದಿವೆ ಕೂಡ. 1977ರ ಮಾರ್ಚ್ 27ರಂದು ಟೆನೆರೀಫ್‌ನಲ್ಲಿ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ನಿಯಂತ್ರಕರೂ ಒಂದು ವಿಮಾನದವರೂ ಒಂದೇ ಕ್ಷಣದಲ್ಲಿ ಮಾತಾಡಿದ್ದರಿಂದ ರೇಡಿಯೊ ಅಲೆಗಳು ಒಂದರ ಮೇಲೊಂದು ಬಿದ್ದು, ಇನ್ನೊಂದು ವಿಮಾನದ ಕಾಕ್‌ಪಿಟ್ಟಿಗೆ ಎಚ್ಚರಿಕೆಯ ಬದಲು ಕೀರಲು ಸದ್ದು ತಲುಪಿತ್ತು. ಇಂಥ ದೋಷಕ್ಕೆ ವಾಯುಯಾನದ ಬಳಿ ಒಂದು ಒಳ್ಳೆಯ ಮದ್ದಿದೆ: ಕೇಳಿದ ಆದೇಶವನ್ನು ಪೈಲಟ್ ತಿರುಗಿ ಒಪ್ಪಿಸಬೇಕು, ಒಪ್ಪಿಸಿದ್ದು ಸರಿಯೇ ಎಂದು ನಿಯಂತ್ರಕರು ಆಲಿಸಬೇಕು.

ಆದರೆ ಹೇಳದೇ ಬಿಟ್ಟ ಮಾತನ್ನು ಯಾರು ತಿರುಗಿ ಒಪ್ಪಿಸಬೇಕು? 2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಎದುರಾದದ್ದು ಈ ಪ್ರಶ್ನೆ. ಅಲ್ಲಿ ಸಮಾನಾಂತರವಾಗಿ ಉತ್ತರ, ದಕ್ಷಿಣವೆಂಬ ಎರಡು ರನ್‌ವೇಗಳಿವೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪ್ರಾಥಮಿಕ ವರದಿಯ ಪ್ರಕಾರ, ಪಾಳಿಯ ಉಸ್ತುವಾರಿ ಅಧಿಕಾರಿ ಉತ್ತರದ ರನ್‌ವೇ ಒಂದನ್ನೇ ಬಳಸಲು ತೀರ್ಮಾನಿಸಿದರು. ದಕ್ಷಿಣ ರನ್‌ವೇ ನೋಡಿಕೊಳ್ಳುವ ಗೋಪುರದ ನಿಯಂತ್ರಕರಿಗೆ ಅದು ತಿಳಿಯಲಿಲ್ಲ; ಅವರೂ ತಮ್ಮ ರನ್‌ವೇಯಿಂದ ಹೊರಡಲು ಅನುಮತಿ ಕೊಟ್ಟರು. ಕೋಲ್ಕತ್ತಕ್ಕೂ ಭುವನೇಶ್ವರಕ್ಕೂ ಹೊರಟಿದ್ದ ಎರಡು ಇಂಡಿಗೊ ವಿಮಾನಗಳು ಬಹುತೇಕ ಒಂದೇ ಹೊತ್ತಿಗೆ ಮೇಲೇರಿ ಪರಸ್ಪರ ಹತ್ತಿರವಾಗತೊಡಗಿದವು. ಎರಡರಲ್ಲೂ ಸೇರಿ 426 ಮಂದಿ ಇದ್ದರು. ಪೈಲಟ್‌ಗಳು ತಪ್ಪಾಗಿ ಏನನ್ನೂ ಕೇಳಿಸಿಕೊಂಡಿರಲಿಲ್ಲ, ಕೊಟ್ಟ ಅನುಮತಿಯಂತೆಯೇ ನಡೆದಿದ್ದರು. ರಾಡಾರ್ ಪರದೆಯ ಮುಂದಿದ್ದ ಇನ್ನೊಬ್ಬ ನಿಯಂತ್ರಕರು ಅದನ್ನು ಕಂಡು ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ಅಷ್ಟೂ ಜೀವ ಉಳಿಯಿತು.

ವಿಮಾನದೊಳಗೇ ಡಿಕ್ಕಿ ತಪ್ಪಿಸುವ ಯಂತ್ರವಿದೆಯಲ್ಲ ಎಂದು ಕೇಳಬಹುದು. ಇದೆ, ಆದರೆ ನೆಲದಿಂದ ಸುಮಾರು 1000 ಅಡಿಯೊಳಗೆ ಅದು ತಪ್ಪಿಸಿಕೊಳ್ಳುವ ಆದೇಶ ಕೊಡುವುದಿಲ್ಲ, ಹಾಗಾಗಿ ಹೊರಡುವ ಹೊತ್ತಿನ ಮೊದಲ ಕ್ಷಣಗಳಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಮಾತಿನ ಬದಲು ಪಠ್ಯ ಸಂದೇಶ ಕಳಿಸಿದರೆ? ಸಾಗರದ ಮೇಲಿನ ದೂರದ ಹಾರಾಟಕ್ಕೆ ಅದು ಒಗ್ಗಿದೆ. ರನ್‌ವೇ ಬಳಿ, ಸೆಕೆಂಡುಗಳಲ್ಲಿ ನಿರ್ಧಾರವಾಗಬೇಕಾದ ಕಡೆ, ಧ್ವನಿಯೇ ಬೇಕು. ಅಲ್ಲದೆ ರನ್‌ವೇ ಬದಲಾದದ್ದು ಗೊತ್ತಿಲ್ಲದವರು ಟೈಪ್ ಮಾಡಿ ಕಳಿಸಿದರೂ ಅದೇ ತಪ್ಪು ಅನುಮತಿಯೇ ಹೋಗುತ್ತದೆ. ತಪ್ಪಿದವರನ್ನು ಶಿಕ್ಷಿಸಿದರಾಯಿತು ಎನ್ನುವವರೂ ಇದ್ದಾರೆ. ಹೊಣೆಗಾರಿಕೆ ಬೇಕು, ನಿಜ. ಆದರೆ ಬರೀ ಭಯ ಜನರ ಬಾಯಿ ಕಟ್ಟುತ್ತದೆ, ಮತ್ತು ಈ ಘಟನೆಯ ರೋಗವೇ ಬಾಯಿ ಕಟ್ಟಿದ್ದು. ಅಂದಿನ ಘಟನೆ ಯಾವ ಲಾಗ್‌ಬುಕ್ಕಿನಲ್ಲೂ ದಾಖಲಾಗಿರಲಿಲ್ಲ ಎಂದು ಡಿಜಿಸಿಎ ಅಧಿಕಾರಿಗಳು ಹೇಳಿದ್ದಾಗಿ ಪತ್ರಿಕೆಗಳು ವರದಿ ಮಾಡಿದ್ದವು.

ಆದ್ದರಿಂದ ಪೈಲಟ್‌ಗೆ ಕಡ್ಡಾಯವಾಗಿರುವ ಮರುನುಡಿ ಗೋಪುರದೊಳಗೂ ಅಷ್ಟೇ ಕಡ್ಡಾಯವಾಗಬೇಕು. ರನ್‌ವೇ ಬದಲಾವಣೆ ಸಂಬಂಧಪಟ್ಟ ಪ್ರತಿಯೊಬ್ಬ ನಿಯಂತ್ರಕರೂ ತಿರುಗಿ ಒಪ್ಪಿಸುವವರೆಗೆ ಜಾರಿಗೆ ಬರಬಾರದು, ಮತ್ತು ಕೂದಲೆಳೆಯಲ್ಲಿ ತಪ್ಪಿದ ಪ್ರತಿ ಅವಘಡವನ್ನೂ ಅಂದೇ ಬರೆದಿಡಬೇಕು.