ಪೆಟ್ಟಿಗೆ ಬದಲಿಸುವ ಮೊದಲು ತಂತಿ ನೋಡಿ

ಕಳೆದ ಆಷಾಢದ ಒಂದು ರಾತ್ರಿ, ಹತ್ತೂಕಾಲಿರಬಹುದು, ಮಾಗಡಿ ರಸ್ತೆ ಕಡೆಯ ಮಹಿಳಾ ಸಂಘದ ಸದಸ್ಯೆಯೊಬ್ಬರು ಫೋನ್ ಮಾಡಿದರು. "ಮೇಡಂ, ನಿನ್ನೆ ಕರು ಹಾಕಿದ ಹಸು ಆಗಲೇ ಮಲಗಿದ್ದು ಏಳುತ್ತಲೇ ಇಲ್ಲ. ಕತ್ತು ಹೊಟ್ಟೆ ಕಡೆ ತಿರುಗಿಸಿಕೊಂಡಿದೆ, ಕಿವಿ ತಣ್ಣಗಿದೆ." ಮೂರನೇ ಸೂಲಿನ ಎಚ್‌ಎಫ್ ಮಿಶ್ರತಳಿ, ಒಳ್ಳೆಯ ಹಾಲಿನದು. ಹಾಲುಜ್ವರವೇ ಇರಬೇಕು ಅಂದುಕೊಂಡು ಕ್ಯಾಲ್ಸಿಯಂ ಬಾಟಲಿಗಳನ್ನು ಚೀಲಕ್ಕೆ ಹಾಕಿ, ಚಾಮರಾಜಪೇಟೆಯ ನಮ್ಮ ಮನೆಯಿಂದ ಹೊರಬಂದು ಗಾಡಿಯ ಕೀ ತಿರುಗಿಸಿದೆ. ನನ್ನದು ಅಪ್ಪನ ಕಾಲದ ಹಳೆಯ ಡೀಸೆಲ್ ಎಸ್‌ಯುವಿ. ಇಂಜಿನ್ ಸುತ್ತಿತು, ಹತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದೆ. ಅದೇ ಕತೆ.

ನಿಜ ಹೇಳಬೇಕೆಂದರೆ ವಾರದಿಂದ ಗಾಡಿ ಕುಂಟುತ್ತಿತ್ತು. ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡೇ ಇತ್ತು. ಹಸು ಒಂದು ಹೊತ್ತು ಮೇವು ಬಿಟ್ಟರೆ ಅಂದೇ ಫೋನ್ ಮಾಡಿ ಎಂದು ನಿಮಗೆಲ್ಲ ಹೇಳುವವಳು ನಾನು. ನನ್ನ ಗಾಡಿಯ ವಿಷಯಕ್ಕೆ ಮಾತ್ರ ನಾಳೆ ನೋಡೋಣ ಅಂದುಕೊಂಡಿದ್ದೆ.

ಪಕ್ಕದ ಮನೆಯ ಹುಡುಗನನ್ನು ಎಬ್ಬಿಸಿ ಅವನ ಸ್ಕೂಟರಿನಲ್ಲಿ ಹೊರಟೆ. ದಾರಿಯಲ್ಲೇ ಫೋನಿನಲ್ಲಿ ಹೇಳುತ್ತಾ ಹೋದೆ: ಹಸುವನ್ನು ಒಂದೇ ಮಗ್ಗುಲಿಗೆ ಚಾಚಿ ಮಲಗಲು ಬಿಡಬೇಡಿ, ಎರಡೂ ಕಡೆ ಹುಲ್ಲು ತುಂಬಿದ ಚೀಲ ಕೊಟ್ಟು ಎದೆಯ ಮೇಲೆ ಕೂರಿಸಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬಾಯಿಗೆ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮಳೆಯಲ್ಲಿ ನೆನೆದು ತಲುಪಿದಾಗ ಮಧ್ಯರಾತ್ರಿ ಕಳೆದಿತ್ತು. ಎದೆಬಡಿತ ಕೇಳಿಸಿಕೊಳ್ಳುತ್ತಾ ನಿಧಾನವಾಗಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟೆ. ಹಸು ತೇಗಿತು, ಸಗಣಿ ಹಾಕಿತು, ಕಿವಿ ಬಿಸಿಯಾಯಿತು. ಆದರೆ ಭಾರ ಬಿದ್ದಿದ್ದ ಕಾಲು ಜೋಮು ಹಿಡಿದು ಏಳಲಾಗಲಿಲ್ಲ. ಎದ್ದು ನಿಂತದ್ದು ಮಾರನೆಯ ದಿನ ಮಧ್ಯಾಹ್ನ. ಒಂದೆರಡು ಗಂಟೆ ಮೊದಲೇ ಹೋಗಿದ್ದರೆ ರಾತ್ರಿಯೇ ಏಳುತ್ತಿತ್ತೇನೋ ಎಂಬ ಯೋಚನೆ ಇನ್ನೂ ಹೋಗಿಲ್ಲ.

ಈಗ ಗಾಡಿಯ ವಿಷಯ. ಮೇವು, ಬೂಸಾ, ಕರು ಸಾಗಿಸಲು ನಿಮ್ಮಲ್ಲೂ ಹಲವರ ಮನೆಯಲ್ಲಿ ಇಂಥ ಹಳೆಯ ಗಾಡಿ ಇದೆ. ಅದರ ರಿಪೇರಿಗೆ ಹೋಗುವುದು ಹಾಲಿನ ಬಟವಾಡೆಯ ದುಡ್ಡೇ. ಅದಕ್ಕೇ ಬರೆಯುತ್ತಿದ್ದೇನೆ.

ಮೆಕ್ಯಾನಿಕ್ಕುಗಳು ಇಸಿಎಂ ಅಥವಾ ಇಸಿಯು ಅನ್ನುವುದು ಅಂಗೈಗಿಂತ ಸ್ವಲ್ಪ ದೊಡ್ಡದಾದ ಲೋಹದ ಪೆಟ್ಟಿಗೆಗೆ. ಇಂಜಿನ್ನಿನ ಬಿಸಿ, ಗಾಳಿ, ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಎಂಬುದನ್ನೆಲ್ಲ ಸೆನ್ಸಾರ್‌ಗಳಿಂದ ತಿಳಿದು, ಯಾವ ಇಂಜೆಕ್ಟರ್ ಯಾವ ಕ್ಷಣದಲ್ಲಿ ಎಷ್ಟು ಡೀಸೆಲ್ ಬಿಡಬೇಕು ಎಂದು ಹೇಳುವ ಮೆದುಳು ಅದು. ಮೊದಲು ಇದು ಇರಲಿಲ್ಲ. ನಮ್ಮ ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ 1950ರ ದಶಕದಿಂದ ತಯಾರಾದ ಡೀಸೆಲ್ ಪಂಪ್‌ಗಳಲ್ಲಿ ಸ್ಪ್ರಿಂಗು, ಸ್ಕ್ರೂಗಳೇ ಎಲ್ಲ. ಪಳಗಿದ ಮೇಸ್ತ್ರಿ ಶಬ್ದ ಕೇಳಿಯೇ ಸರಿಮಾಡುತ್ತಿದ್ದ. ಹೊಗೆಯ ನಿಯಮ ಬಿಗಿಯಾದ ಮೇಲೆ ಕಾಮನ್ ರೈಲ್ ಇಂಜಿನ್, ಅದರ ಜತೆ ಈ ಪೆಟ್ಟಿಗೆ ಬಂತು. ಭಾರತ್ ಸ್ಟೇಜ್ 3 ನಿಯಮ ದೊಡ್ಡ ನಗರಗಳಲ್ಲಿ 2005ರಲ್ಲಿ, ದೇಶಕ್ಕೆಲ್ಲ 2010ರಲ್ಲಿ ಜಾರಿಗೆ ಬಂತು.

ಬೆಳಿಗ್ಗೆ ಬಂದ ಮೊದಲ ಮೆಕ್ಯಾನಿಕ್ ಲ್ಯಾಪ್‌ಟಾಪ್ ಜೋಡಿಸಿ ಐದು ನಿಮಿಷದಲ್ಲಿ ತೀರ್ಪು ಕೊಟ್ಟ: "ಇಸಿಎಂ ಹೋಗಿದೆ. ಹೊಸದಕ್ಕೆ 50,000ದ ಹತ್ತಿರ ಆಗುತ್ತೆ. ಯಜಮಾನರನ್ನ ಕಳಿಸಿ ಮೇಡಂ, ಮಾತಾಡ್ತೀನಿ." ಗಾಡಿ ನನ್ನದು, ದುಡ್ಡು ನನ್ನದು. ಯಜಮಾನರಿಗೆ ಬಾನೆಟ್ ತೆಗೆಯಲೂ ಬರುವುದಿಲ್ಲ. ಈ ಮಾತು ಕೇಳಿದಾಗ ಸುಮ್ಮನೆ ಮನೆಗೆ ಹೋಗುವ ಬದಲು ಒಂದೇ ಪ್ರಶ್ನೆ ಕೇಳಿ: "ಯಾಕೆ ಹೋಯಿತು?" ಅವನ ಹತ್ತಿರ ಉತ್ತರ ಇರಲಿಲ್ಲ.

ಮಲಗಿದ ಹಸುವೆಲ್ಲ ಹಾಲುಜ್ವರದ್ದಲ್ಲ. ಕಷ್ಟದ ಹೆರಿಗೆಯಲ್ಲಿ ನರಕ್ಕೆ ಪೆಟ್ಟಾಗಿರಬಹುದು, ರಂಜಕ ಕಡಿಮೆಯಾಗಿರಬಹುದು, ಮೂಳೆ ಮುರಿದಿರಬಹುದು. ನೋಡದೆ ಕ್ಯಾಲ್ಸಿಯಂ ಏರಿಸಿದರೆ ಹೃದಯವೇ ನಿಂತೀತು. ಪೆಟ್ಟಿಗೆಯದೂ ಹಾಗೆಯೇ. ಅದು ಸತ್ತಂತೆ ಕಂಡರೂ ಬದುಕಿರಬಹುದು. ಸತ್ತಿದ್ದರೂ ಕೊಂದದ್ದು ಬೇರೆ ಏನೋ ಆಗಿರಬಹುದು.

ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್‌ವರೆಗಿನ ಜೆ.ಸಿ. ರಸ್ತೆ, ಅದರ ಪಕ್ಕದ ಕಲಾಸಿಪಾಳ್ಯ ನಮ್ಮ ಮನೆಗೆ ಹತ್ತಿರ. ಗಾಡಿಯ ಬಿಡಿಭಾಗ ಬೇಕೆಂದರೆ ಸುತ್ತಲ ಜಿಲ್ಲೆಗಳವರೂ ಬರುವ ಜಾಗ. ಅಲ್ಲಿಯ ಓಣಿಯೊಂದರಲ್ಲಿ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆಂದು ಪರಿಚಯದವರು ಹೇಳಿದರು. ಗಾಡಿಯನ್ನು ಎಳೆಸಿಕೊಂಡು ಹೋದೆ. ಅವರು ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ಮೊದಲು ಮೀಟರಿಟ್ಟು ಬ್ಯಾಟರಿ ನೋಡಿದರು: ನಿಂತಾಗ 12.6 ವೋಲ್ಟ್ ಹತ್ತಿರ ಇರಬೇಕು, ಸ್ಟಾರ್ಟ್ ಮಾಡುವಾಗ ಹತ್ತಕ್ಕಿಂತ ಬಹಳ ಕೆಳಗೆ ಬೀಳಬಾರದು. ಆಮೇಲೆ ಫ್ಯೂಸು, ರಿಲೇ. ಆಮೇಲೆ ಅರ್ತ್ ತಂತಿ ಬಾಡಿಗೆ ಸೇರುವ ಬೋಲ್ಟು. ತುಕ್ಕು ಹಿಡಿದ ಒಂದು ಬೋಲ್ಟಿನಿಂದ ಒಳ್ಳೆಯ ಪೆಟ್ಟಿಗೆಯೂ ಹುಚ್ಚಾಟವಾಡುತ್ತದಂತೆ. ಆಮೇಲೆ ಸೆನ್ಸಾರ್‌ಗಳಿಗೆ ಹೋಗುವ 5 ವೋಲ್ಟ್. ಒಂದು ಸೆನ್ಸಾರ್ ಒಳಗೇ ಶಾರ್ಟ್ ಆಗಿದ್ದರೆ ಆ 5 ವೋಲ್ಟ್ ಕುಸಿದು, ಏನೂ ಆಗದ ಪೆಟ್ಟಿಗೆ ಸತ್ತಂತೆ ಬಿದ್ದಿರುತ್ತದೆ.

ಇವೆಲ್ಲ ಸರಿಯಿದ್ದವು. ಕೊನೆಗೆ ಇಂಜೆಕ್ಟರ್ ಕಡೆಯ ತಂತಿಗಳ ಸುತ್ತುಪಟ್ಟಿ ಬಿಚ್ಚಿದರು. ಒಳಗೆ ತೌಡಿನ ಪುಡಿ, ಇಲಿ ಹಿಕ್ಕೆ. ಎರಡು ತಂತಿಗಳ ಸಿಪ್ಪೆಯನ್ನು ಇಲಿ ಕಡಿದು ತಾಮ್ರ ಹೊರಬಂದು ಬಾಡಿಗೆ ತಾಗುತ್ತಿತ್ತು. ಆ ಶಾರ್ಟಿನಿಂದ ಪೆಟ್ಟಿಗೆಯೊಳಗೆ ಇಂಜೆಕ್ಟರ್ ನಡೆಸುವ ಭಾಗ ಸುಟ್ಟಿತ್ತು. ಮೊದಲ ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ, ಪೆಟ್ಟಿಗೆ ಹೋಗಿತ್ತು. ಆದರೆ ಅವನ ಮಾತು ಕೇಳಿ ಹೊಸದು ಕೂರಿಸಿದ್ದರೆ ಅದೂ ಅದೇ ತಂತಿಯಿಂದ ಸುಡುತ್ತಿತ್ತು. ಕೆಚ್ಚಲು ಬಾವಿಗೆ ಟ್ಯೂಬ್ ಹಾಕಿ, ಹಸುವನ್ನು ಮತ್ತೆ ಅದೇ ಕೊಚ್ಚೆಯಲ್ಲಿ ಕಟ್ಟಿದಂತೆ.

ತಂತಿ ಸರಿಯಾದ ಮೇಲೆ ಪೆಟ್ಟಿಗೆ ಹುಡುಕಿದೆವು. ಗಾಡಿ ಒಂದೇ ಮಾಡೆಲ್ ಆದರೆ ಸಾಲದು. ಪೆಟ್ಟಿಗೆಯ ಚೀಟಿಯ ಮೇಲಿನ ನಂಬರ್ ಅಕ್ಷರ ಬಿಡದೆ ಹೊಂದಬೇಕು. ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಕಳ್ಳಮಾಲು ಇರಬಹುದಾದ್ದರಿಂದ ಬಿಲ್ ಇಲ್ಲದೆ ಕೊಳ್ಳಬೇಡಿ. ಸರಿಹೋಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ದುಡ್ಡು ಕೊಡುವ ಮೊದಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿ.

ಸಿಕ್ಕ ಸೆಕೆಂಡ್‌ಹ್ಯಾಂಡ್ ಪೆಟ್ಟಿಗೆಯನ್ನು ಹಾಗೇ ಸಿಕ್ಕಿಸಿದರೆ ಗಾಡಿ ಹೊರಡುವುದಿಲ್ಲ. ಕಳ್ಳತನ ತಡೆಯಲೆಂದು ಪೆಟ್ಟಿಗೆಗೂ ಕೀಗೂ ಗುಟ್ಟಿನ ಗುರುತು ಇರುತ್ತದೆ. ಬೇರೆ ಗಾಡಿಯ ಪೆಟ್ಟಿಗೆ ನಿಮ್ಮ ಕೀಯನ್ನು ಒಪ್ಪುವುದಿಲ್ಲ. ಜತೆಗೆ ಒಂದೊಂದು ಇಂಜೆಕ್ಟರಿನ ತಲೆಯ ಮೇಲೂ ಅದರದೇ ಒಂದು ಸಂಕೇತ ಕೊರೆದಿರುತ್ತದೆ. ಅದನ್ನು ಪೆಟ್ಟಿಗೆಗೆ ತಿಳಿಸದಿದ್ದರೆ ಇಂಜಿನ್ ಒರಟಾಗಿ ಓಡಿ ಹೊಗೆ ಉಗುಳುತ್ತದೆ. ಎಸ್.ಪಿ. ರಸ್ತೆ ಕಡೆಯ ಮಹಡಿಯ ಕೋಣೆಯೊಂದರಲ್ಲಿ ಕೂತ ಹುಡುಗ, ಸುಟ್ಟ ಪೆಟ್ಟಿಗೆಯ ನೆನಪಿನಲ್ಲಿದ್ದುದನ್ನೆಲ್ಲ ಇದಕ್ಕೆ ಇಳಿಸಿಕೊಟ್ಟ. ಹಾಗಾಗಿ ಸುಟ್ಟದ್ದೆಂದು ಹಳೆಯದನ್ನು ಗುಜರಿಗೆ ಹಾಕಬೇಡಿ. ಕೂರಿಸುವುದು ಮಾತ್ರ ಸುಲಭ: ಬ್ಯಾಟರಿಯ ಮೈನಸ್ ತಂತಿ ಕಳಚಿ, ಕೆಲವು ನಿಮಿಷ ಬಿಟ್ಟು, ಕನೆಕ್ಟರಿನ ಪಿನ್ನು ಬೆರಳಿಗೆ ತಾಗದಂತೆ ನೇರ ಒತ್ತಿ ಲಾಕ್ ಮಾಡುವುದು. ಎಲ್ಲ ಸೇರಿ ಮೊದಲು ಹೇಳಿದ್ದರ ಅರ್ಧಕ್ಕಿಂತ ಕಡಿಮೆ ಆಯಿತು, ಮೂರು ದಿನ ಹಿಡಿಯಿತು.

ಇಲಿ ಬಂದದ್ದು ನನ್ನಿಂದಲೇ. ಪಶು ಆಹಾರದ ಮಾದರಿ ಚೀಲಗಳನ್ನು ದಿನಗಟ್ಟಲೆ ಗಾಡಿಯಲ್ಲೇ ಬಿಟ್ಟಿದ್ದೆ. ನೀವು ಹಿಂಡಿ, ಬೂಸಾ ತಂದ ದಿನವೇ ಇಳಿಸಿ ಗಾಡಿ ಗುಡಿಸಿ. ಮೇವಿನ ಕೋಣೆಗೆ ಒತ್ತಿ ನಿಲ್ಲಿಸಬೇಡಿ. ಇಲಿಯ ಮೂತ್ರ ಬಿದ್ದ ಆಹಾರದಿಂದ ಇಲಿಜ್ವರ ಬಂದು ಗಬ್ಬದ ಹಸು ಕಂದು ಹಾಕುತ್ತದೆ. ಅದು ಮನುಷ್ಯರಿಗೂ ಬರುವ ರೋಗ. ಆದ್ದರಿಂದ ಬಾನೆಟ್ ಒಳಗಿನ ಹಿಕ್ಕೆಯನ್ನು ಬರಿಗೈಯಲ್ಲಿ ತೆಗೆಯಬೇಡಿ.

ಹಳ್ಳಿಗಳಲ್ಲಿ ಪೆಟ್ಟಿಗೆ ಸುಡುವ ದಾರಿಗಳು ಇನ್ನೂ ಇವೆ. ಬ್ಯಾಟರಿ ಇಳಿದಾಗ ಲಾರಿಯಿಂದ ಕರೆಂಟ್ ಕೊಡಿಸಬೇಡಿ, ಲಾರಿಯದು 24 ವೋಲ್ಟ್, ನಿಮ್ಮದು 12. ಕ್ಯಾನ್ ಇಡಲು ಗಾಡಿಗೆ ಕಂಬಿ ವೆಲ್ಡ್ ಮಾಡಿಸುವಾಗ ಬ್ಯಾಟರಿ ಕಳಚಿಸಿ, ಪೆಟ್ಟಿಗೆಯ ಕನೆಕ್ಟರನ್ನೂ ತೆಗೆಸಿ. ಸರ್ವೀಸಿನಲ್ಲಿ ಇಂಜಿನ್ ಮೇಲೆ ಜೋರು ನೀರು ಬಿಡಲು ಒಪ್ಪಬೇಡಿ.

ಆ ಹಸು ಈಗ ಸಂಘಕ್ಕೆ ಎರಡೂ ಹೊತ್ತು ಹಾಲು ಹಾಕುತ್ತಿದೆ. ಹೋದ ತಿಂಗಳು ಅದೇ ಗಾಡಿಯಲ್ಲಿ ಹೋಗಿ ನೋಡಿ ಬಂದೆ. ಅದರ ಒಡತಿ ಹಸು ತೋರಿಸುವ ಮೊದಲು ತಮ್ಮ ಗೂಡ್ಸ್ ಆಟೋದ ಬಾನೆಟ್ ಎತ್ತಿ, "ಇದೊಂದು ತಂತಿ ನೋಡಿ ಮೇಡಂ" ಅಂದರು.