ಆಕಾಶಕ್ಕೆ ಏಣಿ: ಎನ್.ಸಿ.ಸಿ. ಏರ್ ವಿಂಗ್ ಸೇರುವವರಿಗೆ ನಾಲ್ಕು ಮಾತು

ಆಗದ ಕೆಲಸಕ್ಕೆ ಕೈಹಾಕುವವನನ್ನು ಕಂಡರೆ ನಮ್ಮ ಹಿರಿಯರು "ಆಕಾಶಕ್ಕೆ ಏಣಿ ಹಾಕ್ತಾನೆ" ಎಂದು ನಗುತ್ತಾರೆ. ಪ್ರತಿವರ್ಷ ಜೂನ್-ಜುಲೈ ಹೊತ್ತಿಗೆ ಕಾಲೇಜಿನ ನೋಟೀಸು ಬೋರ್ಡಿನಲ್ಲಿ ಏರ್ ವಿಂಗಿಗೆ ಹೆಸರು ಕೊಡಿ ಎಂಬ ಕಾಗದ ಅಂಟಿಸುತ್ತಾರೆ. ನಮ್ಮ ಕನ್ನಡದ ಹುಡುಗ ಹುಡುಗಿಯರು ಅದನ್ನು ಪೂರ್ತಿ ಓದುತ್ತಾರೆ, ಆಮೇಲೆ ಸುಮ್ಮನೆ ಕ್ಲಾಸಿಗೆ ಹೋಗುತ್ತಾರೆ. ಯಾಕೆ ಎಂದು ಕೇಳಿದರೆ ಸಿಗುವ ಉತ್ತರ ಮೂರು. "ಅದು ಸೈನ್ಸಿನವರಿಗೆ." "ಅಲ್ಲಿ ಎಲ್ಲ ಇಂಗ್ಲಿಷು, ನಮಗೆಲ್ಲಿ ಆಗ್ತದೆ ಮಾರಾಯ." "ಸೇರಿದರೆ ಮಿಲಿಟರಿಗೆ ಹಿಡ್ಕೊಂಡು ಹೋಗ್ತಾರಂತೆ, ಅಮ್ಮ ಬೇಡ ಅಂದ್ರು." ಈ ಮೂರೂ ನಮ್ಮ ಸಂಘದ ಕೋಣೆಯಲ್ಲೇ ನಾನು ಕೇಳಿದ ಮಾತುಗಳು.

ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿ ಬಂದವನು. ಈಗ ಬಿ.ಕಾಂ. ಕೊನೆಯ ವರ್ಷ, ಏರ್ ವಿಂಗಿನಲ್ಲೂ ಇದು ಮೂರನೆಯ ವರ್ಷ. ಹಾಗಾಗಿ ಈ ಮೂರು ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ತಿಳಿಸಿ ಹೇಳುವುದು ನನ್ನ ಕೆಲಸವೆಂದುಕೊಂಡಿದ್ದೇನೆ. ಅದರಲ್ಲಿ ಸ್ವಲ್ಪ ನಿಜವೂ ಉಂಟು, ಅದನ್ನು ಮುಚ್ಚಿಡುವುದಿಲ್ಲ.

ಮೊದಲು ಇದರ ಹುಟ್ಟು. ಪಂಡಿತ ಹೃದಯನಾಥ ಕುಂಜ್ರೂ ಅವರ ಅಧ್ಯಕ್ಷತೆಯಲ್ಲಿ 1946ರಲ್ಲಿ ಒಂದು ಸಮಿತಿ ನೇಮಕವಾಯಿತು. ಅದರ ಶಿಫಾರಸಿನಂತೆ 1948ರಲ್ಲಿ ಕಾನೂನು ಆಗಿ ಎನ್.ಸಿ.ಸಿ. ಆರಂಭವಾಯಿತು. ಮೊದಲಿಗೆ ಇದ್ದದ್ದು ಭೂಸೇನೆಯ ವಿಭಾಗ. ಏರ್ ವಿಂಗ್ ಶುರುವಾದದ್ದು 1950ರ ಏಪ್ರಿಲ್ 1ರಂದು, ಒಂದು ಸ್ಕ್ವಾಡ್ರನ್ ಕಲಕತ್ತೆಯಲ್ಲಿ, ಇನ್ನೊಂದು ನಮ್ಮ ಈ ಮುಂಬಯಿಯಲ್ಲೇ. ಏಪ್ರಿಲ್ 1 ಎಂದರೆ ಲೆಕ್ಕದ ಪುಸ್ತಕದವರಿಗೆ ಹೊಸ ವರ್ಷ. ಕಾಮರ್ಸಿನವರು ಇದನ್ನು ಶುಭಶಕುನವೆಂದೇ ತಿಳಿಯಬಹುದು!

ಇನ್ನು ಮನೆಯವರ ಹೆದರಿಕೆ. ಅದಕ್ಕೂ ಒಂದು ಹಳೆಯ ಕಾರಣವುಂಟು. 1962ರ ಚೀನಾ ಯುದ್ಧದ ನಂತರ, 1963ರಲ್ಲಿ, ಕಾಲೇಜುಗಳಲ್ಲಿ ಎನ್.ಸಿ.ಸಿ.ಯನ್ನು ಕಡ್ಡಾಯ ಮಾಡಿದ್ದರು. 1968ರಲ್ಲಿ ಅದನ್ನು ಮತ್ತೆ ಇಚ್ಛೆಗೆ ಬಿಟ್ಟರು. ಆ ಕಾಲದಲ್ಲಿ ಓದಿದ ಅಜ್ಜಂದಿರಿಗೆ ಪರೇಡ್ ಎಂದರೆ ಒತ್ತಾಯ, ಪರೇಡ್ ಎಂದರೆ ಯುದ್ಧ. ಆದರೆ 1948ರ ಕಾನೂನಿನಲ್ಲೇ ಸ್ಪಷ್ಟವಾಗಿ ಹೇಳಿದೆ: ಎನ್.ಸಿ.ಸಿ. ಸೇರಿದ ಮಾತ್ರಕ್ಕೆ ಯಾರನ್ನೂ ಸೈನಿಕ ಸೇವೆಗೆ ಕರೆಯುವಂತಿಲ್ಲ. ಇದನ್ನು ಮನೆಯಲ್ಲಿ ನಿಧಾನಕ್ಕೆ ತಿಳಿಸಿ ಹೇಳಿ. ಅರ್ಜಿಗೆ ತಂದೆ ಅಥವಾ ತಾಯಿಯ ಸಹಿ ಬೇಕೇಬೇಕು; ಆದ್ದರಿಂದ ಮೊದಲ ಕದ ತೆರೆಯಬೇಕಾದದ್ದು ಮನೆಯಲ್ಲೇ.

ಎರಡನೆಯದು ಭಾಷೆ. ನಿಜ ಹೇಳಬೇಕೆಂದರೆ ಪರೇಡ್ ಮೈದಾನದಲ್ಲಿ ಇಂಗ್ಲಿಷಿಗೆ ಕೆಲಸವೇ ಕಡಿಮೆ. ಆಜ್ಞೆಗಳೆಲ್ಲ ಹಿಂದಿಯವು: ಸಾವಧಾನ್, ವಿಶ್ರಾಮ್, ದಾಹಿನೆ ಮುಡ್, ತೇಜ್ ಚಲ್. ಇಲ್ಲಿ ನಮ್ಮವರಿಗೆ ಒಂದು ತಮಾಷೆಯ ತೊಡಕು. ಕನ್ನಡದಲ್ಲಿ 'ಸಾವಧಾನ' ಎಂದರೆ ಅವಸರವಿಲ್ಲದೆ, ನಿಧಾನವಾಗಿ. ಮೈದಾನದಲ್ಲಿ 'ಸಾವಧಾನ್' ಎಂದ ಕ್ಷಣವೇ ಎಡಗಾಲನ್ನು ಬಲಗಾಲಿಗೆ ಬಡಿದು ಸೇರಿಸಬೇಕು, ಹಿಮ್ಮಡಿ ಕೂಡಿರಬೇಕು, ಪಾದಗಳ ನಡುವೆ 30 ಡಿಗ್ರಿ ಕೋನವಿರಬೇಕು. ನಿಧಾನ ಮಾಡಿದಿರೋ, ಸಾರ್ಜೆಂಟರ ಕಣ್ಣು ನಿಮ್ಮ ಮೇಲೆಯೇ. 'ವಿಶ್ರಾಮ್' ಕೂಡ ವಿಶ್ರಾಂತಿಯಲ್ಲ. ಕಾಲು ಅಗಲಿಸಿ, ಕೈ ಹಿಂದೆ ಕಟ್ಟಿ, ಅಲುಗಾಡದೆ ನಿಲ್ಲುವುದು. ಮೈ ಸಡಿಲ ಬಿಡಬೇಕಾದರೆ 'ಆರಾಮ್ ಸೆ' ಎಂಬ ಇನ್ನೊಂದು ಮಾತು ಬರುವವರೆಗೆ ಕಾಯಬೇಕು. ಈ ಅರ್ಥಗಳನ್ನು ಕಾನ್ವೆಂಟಿನಲ್ಲಿ ಓದಿದವನೂ ಹೊಸದಾಗಿಯೇ ಕಲಿಯಬೇಕು. ಪಾಠ ಹಿಂದಿ-ಇಂಗ್ಲಿಷ್ ಬೆರಕೆಯಲ್ಲಿ ನಡೆಯುತ್ತದೆ. ಕೇಳಿ ಕೇಳಿ ಬರುತ್ತದೆ. ಎಲ್ಲರೆದುರು ನಿಂತು ಗಟ್ಟಿಯಾಗಿ ಆಜ್ಞೆ ಕೊಡುವ ಸರದಿ ನಿಮಗೂ ಬರುತ್ತದೆ. ಕ್ಲಾಸಿನಲ್ಲಿ ಎದ್ದುನಿಂತು ಪ್ರಶ್ನೆ ಕೇಳಲು ಹಿಂಜರಿಯುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಔಷಧ ನಾನು ಕಂಡಿಲ್ಲ.

ಮೂರನೆಯದು ಸೈನ್ಸು. ಏರ್ ವಿಂಗಿನಲ್ಲಿ ಡ್ರಿಲ್, .22 ರೈಫಲ್, ಸಮಾಜಸೇವೆ ಇವುಗಳ ಜತೆಗೆ ಹಾರಾಟದ ತತ್ತ್ವ, ವಿಮಾನದ ಎಂಜಿನ್, ಹವಾಮಾನ, ದಿಕ್ಕು ನೋಡಿ ಸಾಗುವ ವಿದ್ಯೆ, ಮಾದರಿ ವಿಮಾನ ಕಟ್ಟುವುದು, ಇಷ್ಟೂ ಇವೆ. ಹೆಸರು ಕೇಳಿಯೇ ಗಾಬರಿಯಾಗಬೇಡಿ. ಲೆಡ್ಜರ್ ಬರೆಯಲು ಬರುವವನಿಗೆ ಹಾರಾಟದ ಮೊದಲ ಪಾಠ ಅರ್ಥವಾಗುತ್ತದೆ.

ನೋಡಿ, ಹಾರುವ ವಿಮಾನದ ಮೇಲೆ ನಾಲ್ಕು ಬಲಗಳು. ಭೂಮಿ ಅದನ್ನು ಕೆಳಕ್ಕೆ ಸೆಳೆಯುತ್ತದೆ, ಅದು ಭಾರ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದೆ, ಅದು ಲಿಫ್ಟ್. ಎಂಜಿನ್ ಮುಂದಕ್ಕೆ ನೂಕುತ್ತದೆ, ಅದು ಥ್ರಸ್ಟ್. ಗಾಳಿ ಹಿಂದಕ್ಕೆ ತಡೆಯುತ್ತದೆ, ಅದು ಡ್ರ್ಯಾಗ್. ವಿಮಾನ ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ ನೇರ ಹೋಗುತ್ತಿದ್ದರೆ ಲಿಫ್ಟ್ ಭಾರಕ್ಕೆ ಸಮ, ಥ್ರಸ್ಟ್ ಡ್ರ್ಯಾಗಿಗೆ ಸಮ. ಎರಡೂ ಬದಿ ಟ್ಯಾಲಿ! ಎತ್ತರ ಮತ್ತು ವೇಗಗಳನ್ನು ಮಾಲು ಮತ್ತು ನಗದು ಎಂದುಕೊಳ್ಳಿ. ಎತ್ತರವನ್ನು ಮಾರಿ ವೇಗ ಪಡೆಯಬಹುದು, ವೇಗವನ್ನು ಕೊಟ್ಟು ಎತ್ತರ ಕೊಳ್ಳಬಹುದು; ಪ್ರತಿ ವ್ಯವಹಾರದಲ್ಲೂ ಡ್ರ್ಯಾಗ್ ಎಂಬ ದಲ್ಲಾಳಿ ತನ್ನ ಪಾಲು ತೆಗೆದುಕೊಳ್ಳುತ್ತಾನೆ. ಗ್ಲೈಡರಿಗೆ ಎಂಜಿನ್ ಇಲ್ಲ, ಆದ್ದರಿಂದ ಎತ್ತರವೇ ಅದರ ಬಂಡವಾಳ.

ಆಸೆಬುರುಕ ವ್ಯಾಪಾರಿಯ ಹಾಗೆ ಮೂಗನ್ನು ಮೇಲೆ ಮೇಲೆ ಎತ್ತುತ್ತಾ ಹೋದರೆ ಏನಾಗುತ್ತದೆ? ಎದುರು ಬರುವ ಗಾಳಿಗೆ ರೆಕ್ಕೆಯ ಓರೆ ಸುಮಾರು 15 ಡಿಗ್ರಿ ದಾಟಿದಾಗ ರೆಕ್ಕೆಯ ಮೇಲ್ಭಾಗದ ಗಾಳಿ ಅಂಟಿಕೊಂಡು ಹರಿಯದೆ ಕಿತ್ತುಹೋಗುತ್ತದೆ. ಲಿಫ್ಟ್ ಒಮ್ಮೆಲೆ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಎಂಜಿನ್ ಓಡುತ್ತಿದ್ದರೂ ಸ್ಟಾಲ್ ಆಗಬಹುದು ಎಂಬುದು ಮುಖ್ಯ. ಉಪಾಯ ಸರಳ: ಮೂಗನ್ನು ಕೆಳಗೆ ಮಾಡಬೇಕು. ಬೀಳುತ್ತಿರುವಾಗ ಇನ್ನೂ ಕೆಳಗೆ ಮುಖ ಮಾಡುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ಅದಕ್ಕೇ ತರಬೇತಿ.

ಇದನ್ನೆಲ್ಲ ಕೈಯಲ್ಲೇ ನೋಡಬೇಕಾದರೆ ಮಾದರಿ ವಿಮಾನ ಕಟ್ಟಬೇಕು. ಬಾಲ್ಸಾ ಎಂಬ ಅತಿ ಹಗುರ ಮರ, ಒಂದು ಬ್ಲೇಡು, ಅಂಟು, ಮರಳು ಕಾಗದ, ಇಷ್ಟೇ ಸಾಮಾನು. ಬಾಲ ಭಾರವಾದರೆ ವಿಮಾನ ಮೂಗೆತ್ತಿ, ಸ್ಟಾಲ್ ಆಗಿ, ಧೊಪ್ಪನೆ ಬೀಳುತ್ತದೆ. ಮೂಗಿಗೆ ಚೂರು ಜೇಡಿಮಣ್ಣು ಮೆತ್ತಿದರೆ ಅದೇ ವಿಮಾನ ಮೈದಾನದ ಆ ಬದಿಗೆ ಸಲೀಸಾಗಿ ತೇಲಿ ಹೋಗುತ್ತದೆ. ಪುಸ್ತಕದಲ್ಲಿ ಎರಡು ಪುಟ ಓದಿದರೂ ತಿಳಿಯದ್ದು ಈ ಚೂರು ಮಣ್ಣಿನಿಂದ ತಿಳಿಯುತ್ತದೆ.

"ಹಾಗಾದರೆ ನಿಜವಾದ ವಿಮಾನ?" ಎಂದು ಎಲ್ಲರೂ ಕೇಳುತ್ತಾರೆ. ಈಗ ಏರ್ ವಿಂಗಿನಲ್ಲಿ ಮೈಕ್ರೋಲೈಟ್ ಎಂಬ ಎರಡು ಸೀಟಿನ ಸಣ್ಣ ವಿಮಾನಗಳಿವೆ. ಬೋಧಕ ಅಧಿಕಾರಿ ಪಕ್ಕದಲ್ಲಿ ಕುಳಿತು ಕರೆದೊಯ್ಯುತ್ತಾರೆ. ಆದರೆ ವಿಮಾನ, ರನ್‌ವೇ, ಬೋಧಕರು, ಒಳ್ಳೆಯ ಹವೆ ಈ ನಾಲ್ಕೂ ಒಟ್ಟಿಗೆ ಕೂಡಿಬರಬೇಕು; ಮಳೆಗಾಲದಲ್ಲಂತೂ ಕಷ್ಟವೇ. ಸೇರಿದ ವಾರಕ್ಕೇ ಹಾರುತ್ತೇನೆ ಎಂದುಕೊಂಡು ಬಂದವರು ಬೇಗ ಬೇಸರಪಟ್ಟು ಹೋಗುತ್ತಾರೆ. ಪೈಲಟ್ ಲೈಸೆನ್ಸ್ ಕೊಡುವ ಶಾಲೆ ಇದಲ್ಲವೆಂಬುದು ನೆನಪಿರಲಿ.

ಇನ್ನು ಸರ್ಟಿಫಿಕೇಟು. ಶಾಲೆಯವರಿಗೆ 'ಎ', ಕಾಲೇಜಿನವರಿಗೆ ಎರಡು ವರ್ಷಕ್ಕೆ 'ಬಿ', ಮೂರು ವರ್ಷಕ್ಕೆ 'ಸಿ'. ಪರೇಡಿಗೆ 75 ಪ್ರತಿಶತ ಹಾಜರಿ ಬೇಕು, ಕ್ಯಾಂಪಿಗೆ ಹೋಗಿರಬೇಕು, ಆಮೇಲೆ ಪರೀಕ್ಷೆ. ಈ ಲೆಕ್ಕದಲ್ಲೇ ಒಂದು ಎಚ್ಚರಿಕೆ ಅಡಗಿದೆ: ಡಿಗ್ರಿ ಮೂರು ವರ್ಷದ್ದಾದರೆ ಮೊದಲ ವರ್ಷದಲ್ಲೇ ಸೇರಿದವನಿಗೆ ಮಾತ್ರ 'ಸಿ' ಸಿಗುತ್ತದೆ. "ಮುಂದಿನ ವರ್ಷ ನೋಡೋಣ" ಎಂದವನು ಅದನ್ನು ಕಳೆದುಕೊಂಡಂತೆಯೇ.

ಈಗ ನಿಜ ಇರುವ ಭಾಗಕ್ಕೆ ಬರುತ್ತೇನೆ. ಏರ್ ವಿಂಗಿನ 'ಸಿ' ಸರ್ಟಿಫಿಕೇಟ್ ಇದ್ದವರಿಗೆ ವಾಯುಸೇನೆಯ ಹಾರಾಟ ಶಾಖೆಯಲ್ಲಿ ವಿಶೇಷ ಪ್ರವೇಶವುಂಟು; ಲಿಖಿತ ಪರೀಕ್ಷೆಯಿಲ್ಲದೆ ನೇರ ಆಯ್ಕೆ ಮಂಡಳಿಯ ಮುಂದೆ ಹೋಗಬಹುದು. ಆದರೆ ಅದಕ್ಕೆ ಹನ್ನೆರಡನೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿರಬೇಕು. ಕಾಮರ್ಸ್ ಓದಿದ ನಮ್ಮಲ್ಲಿ ಹೆಚ್ಚಿನವರಿಗೆ ಆ ಬಾಗಿಲು ಮುಚ್ಚಿದೆ. ಇದನ್ನು ಸೇರುವ ಮೊದಲೇ ತಿಳಿದಿರುವುದು ಒಳ್ಳೆಯದು. ಮುಚ್ಚದ ಬಾಗಿಲುಗಳೂ ಇವೆ. ವಾಯುಸೇನೆಯಲ್ಲಿ ಅಕೌಂಟ್ಸ್ ಎಂದೇ ಒಂದು ಶಾಖೆಯುಂಟು, ಬಿ.ಕಾಂ.ನಲ್ಲಿ 60 ಪ್ರತಿಶತ ಅಂಕ ಇದ್ದವರು ಎ.ಎಫ್.ಸಿ.ಎ.ಟಿ. ಎಂಬ ಪರೀಕ್ಷೆ ಬರೆದು ಅದಕ್ಕೆ ಪ್ರಯತ್ನಿಸಬಹುದು. ಪಾಸಾದರೆ ಸಂದರ್ಶನಕ್ಕೆ ಕರೆಯುವ ಆಯ್ಕೆ ಮಂಡಳಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿ ಹಲವು ದಿನ ಗುಂಪಿನಲ್ಲಿ ಕೆಲಸ ಮಾಡಿಸಿ, ಮಾತಾಡಿಸಿ ನೋಡುತ್ತಾರೆ. ಮೂರು ವರ್ಷ ಪರೇಡ್, ಕ್ಯಾಂಪ್ ಮಾಡಿದವನಿಗೆ ಇದು ಅಪರಿಚಿತವೆನಿಸುವುದಿಲ್ಲ. ಹುಡುಗಿಯರಿಗೂ ಒಂದು ಮಾತು: 2016ರಲ್ಲಿ ವಾಯುಸೇನೆ ಮೊದಲ ಸಲ ಮೂವರು ಮಹಿಳೆಯರನ್ನು ಯುದ್ಧ ವಿಮಾನಗಳಿಗೆ ತೆಗೆದುಕೊಂಡಿತು. ಏರ್ ವಿಂಗಿನಲ್ಲೂ ನಿಮಗೆ ಜಾಗವಿದೆ.

ಸೇನೆಗೆ ಹೋಗದೆ ಬ್ಯಾಂಕಿಗೋ ಅಂಗಡಿಗೋ ಹೋಗುವವನಿಗೆ ಏನು ಲಾಭ? ಹತ್ತು ದಿನದ ಕ್ಯಾಂಪಿನಲ್ಲಿ ಮರಾಠಿ, ಗುಜರಾತಿ, ಹಿಂದಿ ಮಾತಿನವರ ಜತೆ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ, ನಾನು ಯಾವ ಮೀಡಿಯಂ ಎಂದು ಯಾರೂ ಕೇಳುವುದಿಲ್ಲ. ಶೂ ಹೊಳೆಯುತ್ತಿದೆಯೇ, ಹೊತ್ತಿಗೆ ಸರಿಯಾಗಿ ಬಂದಿದ್ದಾನೆಯೇ, ಹೇಳಿದ ಕೆಲಸ ಮುಗಿಸಿದ್ದಾನೆಯೇ ಎಂದಷ್ಟೇ ನೋಡುತ್ತಾರೆ. ಈ ಅಳತೆಯಲ್ಲಿ ನಾವು ಯಾರಿಗೂ ಕಮ್ಮಿಯಿಲ್ಲ ಎಂಬುದು ಒಮ್ಮೆ ಮನಸ್ಸಿಗೆ ಬಂದರೆ ಇಂಟರ್‌ವ್ಯೂ ಕೋಣೆಯಲ್ಲೂ ಕಾಲು ನಡುಗುವುದಿಲ್ಲ.

ಕೊನೆಗೆ ಕೆಲಸದ ಮಾತು. ವಯಸ್ಸು 26 ಮೀರಿರಬಾರದು. ನೋಟೀಸು ಬಂದ ಕೂಡಲೇ ಎನ್.ಸಿ.ಸಿ. ನೋಡಿಕೊಳ್ಳುವ ಪ್ರೊಫೆಸರರನ್ನು ಕಂಡು ಅರ್ಜಿ ತೆಗೆದುಕೊಳ್ಳಿ. ಫೋಟೋ, ಮಾರ್ಕ್ಸ್ ಕಾರ್ಡು, ಆಧಾರ್, ಬ್ಯಾಂಕ್ ಖಾತೆಯ ವಿವರ ಸಿದ್ಧವಿರಲಿ. ಓಟದ ಪರೀಕ್ಷೆ ಇರುತ್ತದೆ, ಈಗಿನಿಂದಲೇ ಬೆಳಿಗ್ಗೆ ಓಡಲು ಶುರು ಮಾಡಿ. ಆಮೇಲೆ ಚಿಕ್ಕ ಸಂದರ್ಶನ. ಯಾಕೆ ಸೇರುತ್ತೀ ಎಂದು ಕೇಳಿದರೆ ಇದ್ದದ್ದನ್ನು ಹೇಳಿ, ಹಿಂದಿ ತಪ್ಪಾದರೂ ಚಿಂತೆಯಿಲ್ಲ. ಜಾಗ ಕಡಿಮೆ, ಆದ್ದರಿಂದ ಎಲ್ಲರಿಗೂ ಸಿಗುತ್ತದೆಂಬ ಭರವಸೆ ನಾನು ಕೊಡಲಾರೆ. ಆದರೆ ಹೆಸರೇ ಕೊಡದವನಿಗೆ ಸಿಗುವುದು ಹೇಗೆ? ಅರ್ಜಿ ತುಂಬುವಾಗ ಅನುಮಾನ ಬಂದರೆ, ಶೂ ಪಾಲಿಶ್ ಮಾಡುವ ಬಗೆ ತಿಳಿಯದಿದ್ದರೆ, ಶನಿವಾರ ಮಧ್ಯಾಹ್ನ ಸಂಘದ ಕೋಣೆಗೆ ಬನ್ನಿ. ಬ್ರಶ್ಶು ನಾನೇ ತರುತ್ತೇನೆ.