ಅಭಿರುಚಿಯ ಕೊಳುಕೊಡೆ

ನಮ್ಮ ಪ್ರಾಚೀನ ಶಾಸ್ತ್ರಕಾರರು ಗ್ರಂಥಾರಂಭದಲ್ಲಿಯೇ ನಾಲ್ಕು ಅಂಶಗಳನ್ನು ಸ್ಪಷ್ಟಪಡಿಸುತ್ತಿದ್ದರು: ವಿಷಯವೇನು, ಪ್ರಯೋಜನವೇನು, ಇವುಗಳಿಗೂ ಗ್ರಂಥಕ್ಕೂ ಸಂಬಂಧವೇನು, ಇದನ್ನೋದಲು ಅಧಿಕಾರಿಯು, ಎಂದರೆ ಅರ್ಹನು, ಯಾರು. ಇದಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಒಬ್ಬರು ಇನ್ನೊಬ್ಬರಿಗೆ ‘ಈ ಪುಸ್ತಕವನ್ನೋದಿರಿ, ಈ ಸಂಗೀತವನ್ನು ಕೇಳಿರಿ’ ಎನ್ನುವಾಗ ಮೊದಲಿನ ಮೂರನ್ನು ಹೇಗೋ ಹೇಳುವರು, ನಾಲ್ಕನೆಯದನ್ನು ಮರೆಯುವರು. ತನಗೆ ಹಿಡಿಸಿದ್ದು ಎಲ್ಲರಿಗೂ ಹಿಡಿಸಬೇಕೆಂಬ ಭ್ರಮೆಯೇ ಇದಕ್ಕೆ ಕಾರಣವು.

ಇದರಿಂದಾಗುವ ಹಾನಿಯು ಅಲ್ಪವಲ್ಲ. ಇಂದಿನ ಅನೇಕ ಗೃಹಗಳಲ್ಲಿ ಮಕ್ಕಳು ಓದುವುದು ಹಿರಿಯರಿಗೆ ತಿಳಿಯದು. ಹಿರಿಯರು ಆಲಿಸುವುದು ಮಕ್ಕಳಿಗೆ ರುಚಿಸದು. ಇವರ ನಡುವೆ ಸೇತುವೆಯಾಗಬಲ್ಲ ಕೃತಿಯೊಂದನ್ನು ಅಕಾಲದಲ್ಲಿ ಕೈಗಿತ್ತರೆ, ‘ಇದು ನಮ್ಮದಲ್ಲ’ ಎಂಬ ಒಂದು ಮಾತಿನಿಂದ ಬಾಗಿಲು ಬಹುಕಾಲ ಮುಚ್ಚಿಹೋಗುವುದು. ನಮ್ಮ ಹಿರಿಯರಲ್ಲಿ ಹಲವರಿಗೆ ಅಪರಿಚಿತವಾದ ವೈಜ್ಞಾನಿಕ ಕಾದಂಬರಿಯನ್ನೂ ಜಾಝ್ ಸಂಗೀತವನ್ನೂ ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ವಿಚಾರಿಸೋಣ.

ವೈಜ್ಞಾನಿಕ ಕಾದಂಬರಿಯೆಂದರೆ ಬರಿಯ ಯಂತ್ರಗಳ ಕಥೆಯೆಂದು ಭಾವಿಸುವ ತಾಯಂದಿರಿಗೆ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯನ್ನು ಕೊಡಬಹುದು. 1818ರಲ್ಲಿ ಅದು ಪ್ರಕಟವಾದಾಗ ಗ್ರಂಥಕರ್ತ್ರಿಗೆ ಇಪ್ಪತ್ತೇ ವರ್ಷ. ತಾನು ಸೃಷ್ಟಿಸಿದ ಜೀವಿಯನ್ನು ಕಂಡು ಹೇಸಿ ತೊರೆದುಹೋದವನ ಕಥೆಯದು. ಹುಟ್ಟಿಸಿದವನಿಗೆ ಸಾಕುವ ಹೊಣೆಯಿಲ್ಲವೆ ಎಂಬ ಪ್ರಶ್ನೆಯು ಯಾವ ತಾಯಿಗೆ ಅನ್ಯವಾದುದು?

ಶಾಲೆಯ ಹುಡುಗನಿಗೆ ಎಚ್. ಜಿ. ವೆಲ್ಸನ ‘ಟೈಮ್ ಮಷೀನ್’ (1895) ಯೋಗ್ಯವಾದುದು. ಅದು ಕಿರಿದು, ಬೇಗನೆ ಮುಗಿಯುವುದು. ಕ್ರಿ.ಶ. 802701ನೆಯ ವರ್ಷಕ್ಕೆ ಹೋದ ಪ್ರವಾಸಿಯು ಮಾನವಕುಲವು ಎರಡಾಗಿ ಒಡೆದುದನ್ನು ಕಾಣುವನು: ನೆಲದ ಮೇಲೆ ಆಟವಾಡಿಕೊಂಡಿರುವ ದುರ್ಬಲರು, ನೆಲದಡಿಯ ಕತ್ತಲೆಯಲ್ಲಿ ಯಂತ್ರಗಳೊಡನಿರುವ ಭಯಂಕರರು. ದುಡಿಯುವವರನ್ನು ಕಣ್ಮರೆಯಲ್ಲಿಟ್ಟ ಸಮಾಜದ ಗತಿಯೇನೆಂಬುದನ್ನು ಬಾಲಕನೂ ತಿಳಿಯುವನು.

ಇತಿಹಾಸಪ್ರಿಯರಾದ ವೃದ್ಧರಿಗೆ ಜೂಲ್ಸ್ ವರ್ನನ ಸಮುದ್ರಯಾನದ ಕಥೆಗಳು ಹಿತವಾದಾವು. ಮೊದಲು ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ’, ಆಮೇಲೆ ‘ದಿ ಮಿಸ್ಟೀರಿಯಸ್ ಐಲೆಂಡ್’; ಈ ಕ್ರಮವನ್ನು ತಪ್ಪಬಾರದು. ಎರಡನೆಯದರ ಕೊನೆಗೆ ಮೈಸೂರಿನ ಇತಿಹಾಸದ ಒಂದು ಹೆಸರು ಅನಿರೀಕ್ಷಿತವಾಗಿ ಎದುರಾಗುವುದು. ಆ ಹೆಸರನ್ನು ನಾನಿಲ್ಲಿ ಹೇಳೆನು. ಓದುವವನ ಆಶ್ಚರ್ಯವನ್ನು ಮೊದಲೇ ಅಪಹರಿಸದಿರುವುದು ಶಿಫಾರಸು ಮಾಡುವವನ ಮೊದಲ ಧರ್ಮವು.

ಅರ್ಸುಲಾ ಲೆ ಗ್ವಿನ್ ಅವರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ (1969) ಉತ್ತಮ ಕೃತಿ. ಸ್ತ್ರೀಪುರುಷಭೇದವು ಸ್ಥಿರವಾಗಿಲ್ಲದ ಒಂದು ಹಿಮಲೋಕವನ್ನು ಅದು ವರ್ಣಿಸುವುದು. ಆದರೆ ಅಪರಿಚಿತ ನಾಮಗಳು ಹೇರಳ, ನಡೆಯು ನಿಧಾನ. ಆದಕಾರಣ ಅದು ಮೊದಲ ತುತ್ತಲ್ಲ. ಅನ್ನಪ್ರಾಶನದ ದಿನ ಚಕ್ಕುಲಿಯನ್ನು ಯಾರು ಕೊಡುವರು?

ಇನ್ನು ಜಾಝ್. ಅಮೆರಿಕದ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ, ದಾಸ್ಯದಿಂದ ಬಿಡುಗಡೆ ಹೊಂದಿದ ಆಫ್ರಿಕನ್ ವಂಶೀಯರ ನಡುವೆ ರೂಪುಗೊಂಡ ಸಂಗೀತವಿದು. ಮೊದಲು ಒಂದು ರಾಗರೇಖೆಯನ್ನು ನುಡಿಸಿ, ಅನಂತರ ಒಬ್ಬೊಬ್ಬರೂ ಅದನ್ನು ಮನೋಧರ್ಮಾನುಸಾರ ಬೆಳೆಸಿ, ಕೊನೆಗೆ ಆರಂಭಕ್ಕೆ ಮರಳುವುದು ಸಾಮಾನ್ಯ ಕ್ರಮವು. ಕಲ್ಪನಾಸ್ವರವನ್ನು ಕೇಳಿಬಲ್ಲ ಕಿವಿಗೆ ಇದು ತೀರ ಹೊಸತಲ್ಲ.

ಸಂದೇಹಪಡುವವರಿಗೆ ಲೂಯಿ ಆರ್ಮ್‌ಸ್ಟ್ರಾಂಗನ ‘ವೆಸ್ಟ್ ಎಂಡ್ ಬ್ಲೂಸ್’ (1928) ಸಾಕು. ಮೂರು ನಿಮಿಷದ ಮಾತು. ರಾಗಾಲಾಪನೆಯ ಸಾವಧಾನವನ್ನು ಮೆಚ್ಚುವವರಿಗೆ ಮೈಲ್ಸ್ ಡೇವಿಸನ ‘ಕೈಂಡ್ ಆಫ್ ಬ್ಲೂ’ (1959). ಸ್ವರಮೇಳಗಳನ್ನು ಕ್ಷಣಕ್ಷಣಕ್ಕೂ ಬದಲಿಸುವ ಪದ್ಧತಿಯನ್ನು ಸಡಿಲಿಸಿ, ಸ್ವರಶ್ರೇಣಿಗಳನ್ನು ಆಶ್ರಯಿಸಿ ವಿಹರಿಸುವುದು ಅದರ ವಿಶೇಷ. ಅದು ರಾಗವಲ್ಲ, ರಾಗಕ್ಕೆ ನೆರೆಮನೆಯೆನ್ನಬಹುದು. ತಾಳಪ್ರಿಯರಿಗೆ ಡೇವ್ ಬ್ರೂಬೆಕ್‌ನ ‘ಟೈಮ್ ಔಟ್’ (1959). ಅದರೊಳಗಿನ ‘ಟೇಕ್ ಫೈವ್’ ಐದೆಣಿಕೆಯ ನಡೆಯಲ್ಲಿದೆ, ಕೈಯಲ್ಲಿ ತಾಳ ಹಾಕಿಕೊಂಡೇ ಕೇಳಬಹುದು. ಭಕ್ತಿಪರರಿಗೆ ಜಾನ್ ಕೋಲ್ಟ್ರೇನನ ‘ಎ ಲವ್ ಸುಪ್ರೀಮ್’ (1965). ನಾಲ್ಕು ಭಾಗಗಳ ಆ ಕೃತಿಯು ಭಗವಂತನಿಗೆ ಅರ್ಪಿತವಾದುದು. ಅದೇ ವರ್ಷ ಅವನು ಧ್ವನಿಮುದ್ರಿಸಿದ ‘ಅಸೆನ್ಷನ್’ ಕೃತಿಯಲ್ಲಿ ಹನ್ನೊಂದು ಮಂದಿ ಸುಮಾರು ನಲವತ್ತು ನಿಮಿಷ ಭೋರ್ಗರೆಯುವರು. ಅದನ್ನು ಮೊದಲು ಕೇಳಿಸುವುದು ಈಜರಿಯದವನನ್ನು ತುಂಬಿದ ಹೊಳೆಗೆ ದೂಡಿದಂತೆ.

ನಮ್ಮ ನಾಡಿನ ಕದ್ರಿ ಗೋಪಾಲನಾಥರು (1949–2019) ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಸ್ಯಾಕ್ಸೊಫೋನನ್ನು ಕೇಳಿ, ಆ ಪರದೇಶದ ವಾದ್ಯವನ್ನು ಕರ್ಣಾಟಕ ಸಂಗೀತಕ್ಕೆ ಒಗ್ಗಿಸಿದರು. 2008ರಲ್ಲಿ ಅಮೆರಿಕದ ಜಾಝ್ ವಾದಕ ರುದ್ರೇಶ ಮಹಾಂತಪ್ಪನವರೊಡನೆ ಅವರು ನುಡಿಸಿದ ‘ಕಿನ್ಸ್‌ಮೆನ್’ ಪ್ರಕಟವಾಯಿತು. ಆ ಹೆಸರಿಗೆ ಬಂಧುಗಳೆಂದೇ ಅರ್ಥ. ಮನೆಯಲ್ಲಿ ಅಜ್ಜನೂ ಮೊಮ್ಮಗನೂ ಕೂಡಿ ಕೇಳಬೇಕೆಂದರೆ ಇಲ್ಲಿಂದಲೇ ತೊಡಗಬಹುದು.

ವಾಚಕರು ಕೆಲವು ನಿಯಮಗಳನ್ನು ನೆನಪಿನಲ್ಲಿಟ್ಟರೆ ಸಾಕು. ಒಮ್ಮೆಗೆ ಒಂದನ್ನೇ ಹೇಳಿರಿ. ಇಪ್ಪತ್ತು ಹೆಸರುಗಳ ಪಟ್ಟಿಯನ್ನು ಯಾರೂ ಓದಲಾರರು. ಎಲ್ಲಿ ಕಷ್ಟವಾಗುವುದೆಂಬುದನ್ನು ಮುಂಚಿತವಾಗಿ ತಿಳಿಸಿರಿ. ‘ಹೇಗಿತ್ತು?’ ಎಂದು ಮರುದಿನವೇ ಪೀಡಿಸಬೇಡಿರಿ. ಹಿಡಿಸಲಿಲ್ಲವೆಂದರೆ ಮುನಿಯಬೇಡಿರಿ, ಅದರಿಂದ ಆ ವ್ಯಕ್ತಿಯ ಮನಸ್ಸು ನಿಮಗೆ ಇನ್ನಷ್ಟು ತಿಳಿಯಿತಷ್ಟೆ. ಎಲ್ಲಕ್ಕಿಂತ ಮಿಗಿಲಾಗಿ, ಕೊಟ್ಟವರು ಕೊಳ್ಳಲೂ ಬೇಕು. ಮೊಮ್ಮಗನಿಗೆ ಕೃತಿಯೊಂದನ್ನು ಕೇಳೆಂದು ಹೇಳಿದ ಅಜ್ಜನು, ಅವನು ತಂದಿತ್ತ ಜಾಝನ್ನು ಕೊನೆಯವರೆಗೆ ಕುಳಿತು ಕೇಳತಕ್ಕದ್ದು. ಹಾಗೆ ಕೇಳಿದ ಅಜ್ಜನ ಮಾತನ್ನು ಮೊಮ್ಮಗನೂ ಕೇಳುವನು.